ಹಳೇ ಕ್ಯಾಂಪರ್ ವ್ಯಾನಿನ ಮುಳ್ಳು ಎಷ್ಟು ನಂಬಬಹುದು?

ಹಳೇ ಕ್ಯಾಂಪರ್ ವ್ಯಾನ್ ಇಟ್ಟುಕೊಂಡವರನ್ನು ಫ್ಯೂಯಲ್ ಗೇಜ್ ಬಗ್ಗೆ ಕೇಳಿ ನೋಡಿ. ಸಾಮಾನ್ಯವಾಗಿ ಎರಡೇ ಉತ್ತರ. "ಅದಾ? ಅದು ಕೆಲಸ ಮಾಡಲ್ಲ" ಅನ್ನುವುದು ಒಂದು. "ಮಾಡುತ್ತೆ, ಆದ್ರೆ ಕಾಲು ಟ್ಯಾಂಕ್ ತೋರಿಸಿದ್ರೆ ಖಾಲಿ ಅಂತಾನೇ ಅಂದ್ಕೋಬೇಕು" ಅನ್ನುವುದು ಇನ್ನೊಂದು. ನನ್ನನ್ನು ಕೇಳಿದರೆ ಈ ಎರಡನೆಯವರ ಗೇಜ್ ಚೆನ್ನಾಗಿಯೇ ಇದೆ. ಪ್ರತಿ ಸಲ ಒಂದೇ ಸುಳ್ಳು ಹೇಳುವ ಗೇಜ್ ಜೊತೆ ಹೇಗೋ ಸಂಸಾರ ಮಾಡಬಹುದು. ಬೆಳಿಗ್ಗೆ ಅರ್ಧ, ಮಧ್ಯಾಹ್ನ ಮುಕ್ಕಾಲು, ಲೈಟ್ ಹಾಕಿದರೆ ಕಾಲು ಅಂತ ಮಾತು ಬದಲಿಸುವ ಗೇಜ್ ಜೊತೆ ಆಗುವುದಿಲ್ಲ. ಹಾಗಾಗಿ ಸ್ಪ್ಯಾನರ್ ಎತ್ತುವ ಮೊದಲು ನಿಮ್ಮದು ಯಾವ ಥರದ್ದು ಅಂತ ಗೊತ್ತು ಮಾಡಿಕೊಳ್ಳಿ. ತುಂಬಾ ಜನ ಇದನ್ನು ನೋಡದೆ ಸುಮ್ನೆ ಹೊಸ ಸೆಂಡರ್, ಅಂದರೆ ಟ್ಯಾಂಕಿನೊಳಗೆ ಕೂತು ಮಟ್ಟ ಅಳೆಯುವ ಭಾಗ, ತಂದು ಹಾಕುತ್ತಾರೆ.

ಒಳಗಿನ ಏರ್ಪಾಡು ತೀರಾ ಸರಳ. ಟ್ಯಾಂಕಿನಲ್ಲಿ ಒಂದು ಫ್ಲೋಟ್ ತೇಲುತ್ತಿರುತ್ತದೆ. ಅದರ ಕಡ್ಡಿಯ ಇನ್ನೊಂದು ತುದಿ ಒಂದು ರೆಸಿಸ್ಟೆನ್ಸ್ ತಂತಿಯ ಮೇಲೆ ಉಜ್ಜುತ್ತಾ ಹೋಗುತ್ತದೆ. ಪೆಟ್ರೋಲ್ ಇಳಿದ ಹಾಗೆ ಫ್ಲೋಟ್ ಇಳಿಯುತ್ತದೆ, ರೆಸಿಸ್ಟೆನ್ಸ್ ಬದಲಾಗುತ್ತದೆ, ಡ್ಯಾಶ್‌ಬೋರ್ಡಿನ ಮುಳ್ಳು ಜರುಗುತ್ತದೆ. ಹಳೇ ಗಾಡಿಗಳ ಎಷ್ಟೋ ಗೇಜ್‌ಗಳಲ್ಲಿ ಮುಳ್ಳನ್ನು ತಳ್ಳುವುದು ಬಿಸಿ. ಎರಡು ಲೋಹ ಸೇರಿಸಿದ ಒಂದು ಸಣ್ಣ ಪಟ್ಟಿಯ ಸುತ್ತ ತಂತಿ ಸುತ್ತಿರುತ್ತಾರೆ, ಕರೆಂಟ್ ಹರಿದಾಗ ಪಟ್ಟಿ ಬಿಸಿಯಾಗಿ ಬಾಗುತ್ತದೆ. ಅದಕ್ಕೇ ಕೀ ತಿರುಗಿಸಿದ ಮೇಲೆ ಮುಳ್ಳು ಇಷ್ಟು ನಿಧಾನಕ್ಕೆ ಏಳುವುದು. ಇದು ದೋಷ ಅಲ್ಲ, ಒಳ್ಳೇದೇ. ಇಲ್ಲದಿದ್ದರೆ ಪ್ರತಿ ತಿರುವಿನಲ್ಲೂ ಟ್ಯಾಂಕಿನೊಳಗೆ ಪೆಟ್ರೋಲ್ ತುಳುಕಿದಾಗ ಮುಳ್ಳೂ ಕುಣಿಯುತ್ತಿತ್ತು.

ಮಾತು ಬದಲಿಸುವ ಗೇಜ್ ಇದ್ದರೆ ನಾನು ಮೊದಲು ನೋಡುವುದು ಅರ್ಥಿಂಗ್. ಸೆಂಡರಿನ ಕರೆಂಟ್ ಗಾಡಿಯ ಲೋಹದ ಬಾಡಿಗೆ ವಾಪಸ್ ಬರಲೇಬೇಕು, ಆ ಜಾಗ ಟ್ಯಾಂಕಿನ ಹತ್ತಿರ, ಅಂದರೆ ಕೆಸರು ನೀರು ಎಲ್ಲಾ ಹಾರುವ ಕಡೆ, ಹತ್ತಾರು ವರ್ಷದಿಂದ ತುಕ್ಕು ಹಿಡಿದು ಕೂತಿರುತ್ತದೆ. ತುಕ್ಕು ಅಂದರೆ ಇನ್ನಷ್ಟು ರೆಸಿಸ್ಟೆನ್ಸ್. ಗೇಜಿಗೆ ಅದು ತುಕ್ಕು ಅಂತ ಗೊತ್ತಾಗುವುದಿಲ್ಲ, ಪೆಟ್ರೋಲ್ ಲೆಕ್ಕ ಅಂತಲೇ ತಿಳಿಯುತ್ತದೆ. ಹೆಡ್‌ಲೈಟ್ ಅಥವಾ ಇಂಡಿಕೇಟರ್ ಹಾಕಿದಾಗ ಮುಳ್ಳು ಅಲ್ಲಾಡಿದರೆ ಕಣ್ಣು ಮುಚ್ಚಿ ಅರ್ಥ್ ತಂತಿ ಬಿಚ್ಚಿ ಉಜ್ಜಿ. ಆಮೇಲೆ ಬೇರೆ ಮಾತು.

ಫ್ಯೂಯಲ್ ಗೇಜ್ ಮತ್ತು ಟೆಂಪರೇಚರ್ ಗೇಜ್ ಎರಡೂ ಒಟ್ಟಿಗೆ ತಪ್ಪು ತೋರಿಸಿದರೆ ಟ್ಯಾಂಕಿನ ತಂಟೆಗೇ ಹೋಗಬೇಡಿ. ಬ್ಯಾಟರಿ ವೋಲ್ಟೇಜ್ ಎಂಜಿನ್ ನಿಂತಾಗ 12.5ರ ಆಸುಪಾಸು, ಓಡುವಾಗ 14ರ ಹತ್ತಿರ. ಇದರಿಂದ ಮುಳ್ಳು ಏರುಪೇರಾಗಬಾರದು ಅಂತ ಹಳೇ ಗಾಡಿಗಳಲ್ಲಿ ಸುಮಾರು 10 ವೋಲ್ಟಿಗೆ ಇಳಿಸಿ ಕೊಡುವ ಒಂದು ಪುಟ್ಟ ಸ್ಟೆಬಿಲೈಸರ್ ಇರುತ್ತದೆ. ಅದು ಕೆಟ್ಟರೆ ಎರಡು ಗೇಜೂ ಒಟ್ಟಿಗೆ ಹಾದಿ ತಪ್ಪುತ್ತವೆ. ಡ್ಯಾಶ್‌ಬೋರ್ಡ್ ಹಿಂದೆ ಕೈ ಹೋಗುವವರಿಗೆ ಇದು ಸುಲಭದ ಕೆಲಸ.

ಫ್ಲೋಟಿನದು ಬೇರೆ ಕಥೆ. ಹಿತ್ತಾಳೆಯ ಟೊಳ್ಳು ಫ್ಲೋಟ್ ಆದರೆ ಬೆಸುಗೆಯಲ್ಲಿ ಸೂಜಿ ಮೊನೆಯಷ್ಟು ತೂತು ಬಿದ್ದರೂ ಸಾಕು, ಪೆಟ್ರೋಲ್ ಒಳಗೆ ಸೇರಿ ಮುಳುಗುತ್ತದೆ. ಹೊರತೆಗೆದು ಕಿವಿ ಹತ್ತಿರ ಅಲ್ಲಾಡಿಸಿದರೆ ಒಳಗೆ ಗುಳುಗುಳು ಅನ್ನುತ್ತದೆ. ಕಾರ್ಕ್ ಫ್ಲೋಟ್ ಆದರೆ ಮೇಲಿನ ವಾರ್ನಿಷ್ ಹೋದ ಮೇಲೆ ಪೆಟ್ರೋಲ್ ಹೀರಿಕೊಂಡು ಭಾರವಾಗುತ್ತದೆ. ಎಥನಾಲ್ ಬೆರೆಸಿದ ಪೆಟ್ರೋಲ್‌ಗೆ ಆ ಹಳೇ ಅರಗಿನ ವಾರ್ನಿಷ್ ತಡೆಯುವುದಿಲ್ಲ. ಇನ್ನು ಒಂದೇ ಒಂದು ಜಾಗದಲ್ಲಿ ಮಾತ್ರ ಮುಳ್ಳು ದಬಕ್ಕನೆ ಬಿದ್ದು ಮತ್ತೆ ಏಳುತ್ತಿದ್ದರೆ ರೆಸಿಸ್ಟೆನ್ಸ್ ತಂತಿ ಅಲ್ಲಿ ಸವೆದಿದೆ ಅಂತ ಅರ್ಥ.

ತಪ್ಪು ಟ್ಯಾಂಕಿನದೋ ಗೇಜಿನದೋ ಅಂತ ತಿಳಿಯಲು ಹಳೇ ಉಪಾಯ ಒಂದಿದೆ. ಗೇಜಿನಿಂದ ಸೆಂಡರಿಗೆ ಹೋಗುವ ವೈರನ್ನು ಬಿಚ್ಚಿ ಕೀ ಆನ್ ಮಾಡಿ. ಮುಳ್ಳು ಒಂದು ತುದಿಗೆ ಹೋಗಬೇಕು. ಕೀ ಆಫ್ ಮಾಡಿ, ಗೇಜಿನಲ್ಲಿ ಆ ವೈರ್ ಇದ್ದ ಜಾಗವನ್ನು ಗಾಡಿಯ ಲೋಹದ ಬಾಡಿಗೆ ಸೇರಿಸಿ, ಕೆಲವೇ ಕ್ಷಣ ಮತ್ತೆ ಆನ್ ಮಾಡಿ. ಈಗ ಇನ್ನೊಂದು ತುದಿಗೆ ಹೋಗಬೇಕು. ಎರಡೂ ಆದರೆ ಗೇಜ್ ಸರಿ ಇದೆ, ತೊಂದರೆ ಮುಂದಿನ ವೈರಿನಲ್ಲೋ ಅರ್ಥಿಂಗಿನಲ್ಲೋ ಸೆಂಡರಿನಲ್ಲೋ ಇದೆ. ಇದನ್ನು ಡ್ಯಾಶ್‌ಬೋರ್ಡ್ ಕಡೆಯೇ ಮಾಡಿ. ಟ್ಯಾಂಕಿನ ಹತ್ತಿರ ಕಿಡಿ ಹಾರಿಸುವ ಕೆಲಸ ಯಾಕೆ ಬೇಕು, ಅಲ್ವಾ?

ಸೆಂಡರ್ ಬದಲಿಸಲೇಬೇಕು ಅಂತಾದರೆ ಓಮ್ ಲೆಕ್ಕ ನೋಡದೆ ತರಬೇಡಿ. ಯುರೋಪಿನ ವಿಡಿಒ ಕಂಪನಿಯ ಸೆಂಡರ್‌ಗಳಲ್ಲಿ ಸಾಮಾನ್ಯವಾಗಿ ಖಾಲಿಗೆ 10 ಓಮ್, ತುಂಬಿದಾಗ 180. ಅಮೆರಿಕದ ಸಾಮಾನ್ಯ ಲೆಕ್ಕ ತಲೆಕೆಳಗು, ಖಾಲಿಗೆ 240, ತುಂಬಿದಾಗ 33. ಒಂದರ ಗೇಜಿಗೆ ಇನ್ನೊಂದರ ಸೆಂಡರ್ ಹಾಕಿದರೆ ಪೆಟ್ರೋಲ್ ಖರ್ಚಾದ ಹಾಗೆ ಮುಳ್ಳು ಮೇಲೆ ಏರುತ್ತದೆ! ಫೋಕ್ಸ್‌ವ್ಯಾಗನ್ ಬೇ ವಿಂಡೋ ವ್ಯಾನ್ ಥರ ಟ್ಯಾಂಕ್ ಹಿಂಬದಿಯ ಎಂಜಿನ್ ವಿಭಾಗದ ಮುಂದೆ ಕೂತಿರುವ ಗಾಡಿಗಳಲ್ಲಿ ಟ್ಯಾಂಕ್ ಇಳಿಸಲು ಎಂಜಿನ್ನನ್ನೇ ಇಳಿಸಬೇಕಾಗುತ್ತದೆ, ಹಾಗಾಗಿ ಇಷ್ಟು ಚಿಕ್ಕ ವಸ್ತುವಿಗೆ ಅಷ್ಟು ದೊಡ್ಡ ಕೆಲಸ ಬೇಕಾ ಅಂತ ಯೋಚಿಸುವುದು ಸೋಮಾರಿತನ ಅಲ್ಲ. ಮುಂದೆ ಯಾವತ್ತಾದರೂ ಎಂಜಿನ್ ಇಳಿಸುವ ದಿನ ಬಂದೇ ಬರುತ್ತದೆ, ಅವತ್ತು ಮಾಡಿದರಾಯಿತು.

ಅಲ್ಲಿಯವರೆಗೆ? ಸುಳ್ಳಿನ ಲೆಕ್ಕ ಬರೆದಿಡುವುದು. ಪ್ರತಿ ಸಲ ಫುಲ್ ಟ್ಯಾಂಕ್ ಹಾಕಿಸುವ ಮೊದಲು ಮುಳ್ಳು ಎಲ್ಲಿತ್ತು, ಎಷ್ಟು ಲೀಟರ್ ಹಿಡಿಸಿತು, ಇಷ್ಟನ್ನು ಬರೆಯಿರಿ. ಟ್ಯಾಂಕ್ 60 ಲೀಟರಿನದು, 38 ಹಿಡಿಸಿತು ಅಂದರೆ ಆ ಗುರುತಿನಲ್ಲಿ 22 ಇತ್ತು. ಗಾಡಿ ಸಮತಟ್ಟಾದ ಜಾಗದಲ್ಲಿ ನಿಂತಿರಬೇಕು, ಕೀ ಆನ್ ಮಾಡಿ ಮುಳ್ಳು ನಿಲ್ಲುವವರೆಗೆ ಕಾಯಬೇಕು, ಅಷ್ಟೇ ನಿಯಮ. ಹೀಗೆ ಕೆಲವು ಸಲ ಬರೆದರೆ ಟ್ಯಾಂಕಿನ ಆಕಾರವೇ ಕಾಗದದ ಮೇಲೆ ಮೂಡುತ್ತದೆ. ತಳ ಕಿರಿದಾಗಿರುವ ಟ್ಯಾಂಕಿನಲ್ಲಿ ಮೇಲಿನ ಅರ್ಧ ಎಷ್ಟು ದೂರ ಓಡಿದರೂ ಮುಗಿಯುವುದಿಲ್ಲ, ಕೆಳಗಿನ ಅರ್ಧ ಕಣ್ಣೆದುರೇ ಕರಗುತ್ತದೆ. ಮುಳ್ಳು ತೋರಿಸುವುದು ಎತ್ತರ, ಲೀಟರ್ ಅಲ್ಲ. ತಳದ ಒಂದೆರಡು ಲೀಟರ್ ಪೈಪಿಗೆ ಸಿಗುವುದೂ ಇಲ್ಲ, ಅದನ್ನು ಲೆಕ್ಕದಿಂದ ಕಳೆದುಬಿಡಿ.

ಟ್ರಿಪ್ ಮೀಟರ್ ನೋಡಿಕೊಂಡು ಓಡಿಸುವುದು ಇನ್ನೂ ಒಳ್ಳೇದು ಅನ್ನುತ್ತಾರೆ. ಸರಿಯೇ, ಆದರೆ ಕ್ಯಾಂಪರಿನಲ್ಲಿ ಅದಕ್ಕೂ ಮಿತಿ ಇದೆ. ನೀರು, ಹಾಸಿಗೆ, ಸೈಕಲ್ಲು ಎಲ್ಲಾ ಹೇರಿಕೊಂಡು ಎದುರುಗಾಳಿಯಲ್ಲಿ ಘಟ್ಟ ಹತ್ತುವಾಗಿನ ಮೈಲೇಜ್ ಬೇರೆ, ಖಾಲಿ ಗಾಡಿಯದು ಬೇರೆ. ಅದಕ್ಕಿಂತ ಜಾಸ್ತಿ ಮರೆತುಹೋಗುವುದು ಹೀಟರ್. ಡೀಸೆಲ್ ವ್ಯಾನುಗಳಲ್ಲಿ ಆಮೇಲೆ ಕೂರಿಸಿದ ಹೀಟರ್ ಎಷ್ಟೋ ಸಲ ಗಾಡಿಯ ಟ್ಯಾಂಕಿನಿಂದಲೇ ಕುಡಿಯುತ್ತದೆ. ಗಂಟೆಗೆ ಲೀಟರಿಗಿಂತ ಕಡಿಮೆಯೇ, ಆದರೆ ಚಳಿಯಲ್ಲಿ ನಿಂತಲ್ಲೇ ನಾಲ್ಕು ರಾತ್ರಿ ಕಳೆದರೆ ಟ್ರಿಪ್ ಮೀಟರ್ ಸೊನ್ನೆ ತೋರಿಸುತ್ತಲೇ ಟ್ಯಾಂಕ್ ಇಳಿದಿರುತ್ತದೆ. ಸರಿಯಾಗಿ ಕೂರಿಸಿದವರು ಹೀಟರಿನ ಪೈಪನ್ನು ತಳಕ್ಕಿಂತ ಸ್ವಲ್ಪ ಮೇಲೆ ನಿಲ್ಲಿಸಿರುತ್ತಾರೆ. ಹಾಗಿದ್ದರೆ ಡೀಸೆಲ್ ಕಡಿಮೆಯಾದಾಗ ಮೊದಲು ಹೀಟರ್ ಆರುತ್ತದೆ, ಗಾಡಿ ಸ್ಟಾರ್ಟ್ ಆಗುವಷ್ಟು ಉಳಿದಿರುತ್ತದೆ. ಅಂಥ ಗಾಡಿಯಲ್ಲಿ ಗೇಜಿಗಿಂತ ಹೀಟರೇ ನಂಬಿಕಸ್ತ.

ಅಂದಹಾಗೆ, ಫೋಕ್ಸ್‌ವ್ಯಾಗನ್ನಿನ ಮೊದಮೊದಲ ವ್ಯಾನುಗಳಿಗೆ ಗೇಜೇ ಇರಲಿಲ್ಲ. ಎಂಜಿನ್ ಮುಕ್ಕರಿಸಲು ಶುರು ಮಾಡಿದರೆ ರಿಸರ್ವ್ ಟ್ಯಾಪ್ ತಿರುಗಿಸಿ ಬಂಕ್ ಹುಡುಕುವುದು, ಬೈಕಿನ ಥರ. ನನಗೆ ಇದು ಹಿಂದುಳಿದ ಏರ್ಪಾಡು ಅಂತ ಅನ್ನಿಸುವುದೇ ಇಲ್ಲ. ಅದರಲ್ಲಿ ಕೆಡುವುದಕ್ಕೆ ಏನೂ ಇಲ್ಲ, ಒಂದೇ ತೊಂದರೆ ಅಂದರೆ ತಿರುಗಿಸಿದ್ದನ್ನು ಮತ್ತೆ ವಾಪಸ್ ತಿರುಗಿಸಲು ನೆನಪಿರಬೇಕು.

ಡೀಸೆಲ್ ವ್ಯಾನ್ ಇರುವವರು ಮಾತ್ರ ಈ ಲೆಕ್ಕದಲ್ಲಿ ಜಿಪುಣತನ ಮಾಡಬೇಡಿ. ಪೆಟ್ರೋಲ್ ಕಾರ್ಬುರೇಟರ್ ಗಾಡಿ ನಿಂತರೆ ಕ್ಯಾನಿನಿಂದ ಸುರಿದು ಮತ್ತೆ ಹೊರಡಬಹುದು. ಹಳೇ ಡೀಸೆಲ್ ಎಂಜಿನ್ ಒಣಗಿ ನಿಂತರೆ ಲೈನಿಗೆ ಗಾಳಿ ಸೇರುತ್ತದೆ, ರಸ್ತೆ ಬದಿಯಲ್ಲಿ ಕೂತು ಗಾಳಿ ತೆಗೆಯುವವರೆಗೆ ಎಷ್ಟು ಡೀಸೆಲ್ ಸುರಿದರೂ ಸ್ಟಾರ್ಟ್ ಆಗದೆ ಇರಬಹುದು. ಅವರು ಕಾಲು ಟ್ಯಾಂಕನ್ನೇ ಖಾಲಿ ಅಂದುಕೊಂಡು ಓಡಿಸುವುದು ವಾಸಿ.