ಕೊರೊನಾಕ್ಕೆ ಅಂಜಿ ಜನ ಬಸ್ಸು ಬಿಟ್ಟರೇ?

ಹುಬ್ಬಳ್ಳಿ–ಧಾರವಾಡದ ಓಡಾಟದ ಬಗ್ಗೆ ಆಗಾಗ ಬರೆಯುವುದರಿಂದ ಪರಿಚಿತರು ಸಿಕ್ಕಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: "ಕೊರೊನಾ ಹೋಗಿ ಇಷ್ಟು ದಿನಾ ಆತು, ಬಸ್ಸಿನ್ಯಾಗ ಅಡ್ಯಾಡಾವ್ರು ಈಗೂ ಗಾಡಿ ಮ್ಯಾಲ ಯಾಕ ಹೊಂಟಾರ್ರೀ? ಇನ್ನೂ ಅಂಜಿಕಿ ಹೋಗಿಲ್ಲೇನು?" ಅಂಜಿಕೆ ಇದ್ದದ್ದು ನಿಜ, ಆದರೆ ಅದು ಬೇಗನೆ ಕರಗಿತು ಎಂಬುದು ನನ್ನ ಉತ್ತರ. ಜನರ ರೂಢಿಯನ್ನು ಬದಲಿಸಿದ್ದು ರೋಗಕ್ಕಿಂತ ಹೆಚ್ಚಾಗಿ ಬಸ್ಸೇ ಬಾರದಿದ್ದ ದಿನಗಳು.

ಅಂಜಿಕೆಗೆ ಆಧಾರವಿರಲಿಲ್ಲ ಎಂದು ನಾನು ಹೇಳುತ್ತಿಲ್ಲ. 2020ರ ಜನವರಿಯಲ್ಲಿ ಚೀನಾದ ನಿಂಗ್ಬೊ ನಗರದಲ್ಲಿ ಧಾರ್ಮಿಕ ಸಮಾರಂಭಕ್ಕೆ ಹೊರಟಿದ್ದ ಎರಡು ಬಸ್ಸುಗಳ ಪೈಕಿ ಸೋಂಕಿತರೊಬ್ಬರು ಕುಳಿತಿದ್ದ ಬಸ್ಸಿನ 68 ಜನರಲ್ಲಿ 24 ಮಂದಿಗೆ ರೋಗ ದೃಢಪಟ್ಟಿತು. ಇನ್ನೊಂದು ಬಸ್ಸಿನ 60 ಜನರಲ್ಲಿ ಯಾರಿಗೂ ತಗಲಲಿಲ್ಲ. ಸೋಂಕು ಹರಡಿದ ಬಸ್ಸಿನ ಎಸಿ, ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ಸುತ್ತಿಸುತ್ತಿತ್ತು. ಹುಬ್ಬಳ್ಳಿ–ಧಾರವಾಡದ ನಡುವೆ ಓಡುವ ನಮ್ಮ ಚಿಗರಿಯೂ ಎಸಿ ಬಸ್ಸೇ. ಬಸ್ಸಿಗೆಂದೇ ಮೀಸಲಾದ, ಸುಮಾರು 22 ಕಿಲೋಮೀಟರ್ ಉದ್ದದ ಬಿಆರ್‌ಟಿಎಸ್ (ತ್ವರಿತ ಬಸ್ ಸಾರಿಗೆ) ಮಾರ್ಗದಲ್ಲಿ 2018ರ ಅಕ್ಟೋಬರಿನಿಂದ ಪ್ರಾಯೋಗಿಕವಾಗಿ ಓಡುತ್ತಿದ್ದ ಈ ಸೇವೆಯನ್ನು 2020ರ ಫೆಬ್ರುವರಿ 2ರಂದು ಆಗಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅಧಿಕೃತವಾಗಿ ಉದ್ಘಾಟಿಸಿದರು. ಎರಡು ತಿಂಗಳು ತುಂಬುವ ಮೊದಲೇ, ಮಾರ್ಚ್ 25ಕ್ಕೆ ದೇಶವೇ ಲಾಕ್‌ಡೌನ್ ಆಯಿತು. ಇಂಥ ಮುಹೂರ್ತ ಯಾವ ಸಾರಿಗೆಗೂ ಬೇಡ. ಮೇ 19ರಿಂದ ರಾಜ್ಯದಲ್ಲಿ ಬಸ್ಸುಗಳು ಮತ್ತೆ ರಸ್ತೆಗಿಳಿದಾಗ ಒಂದು ಬಸ್ಸಿಗೆ 30 ಜನರೆಂಬ ಮಿತಿಯಿತ್ತು. ಇಬ್ಬರು ಕೂರುವ ಸೀಟಿನಲ್ಲಿ ಒಂದನ್ನು ಖಾಲಿ ಬಿಡಬೇಕು. ಯಾರಾದರೂ ಕೆಮ್ಮಿದರೆ ಮಾಸ್ಕಿನ ಮೇಲಿನ ಕಣ್ಣುಗಳೆಲ್ಲ ಅತ್ತ ತಿರುಗುತ್ತಿದ್ದವು. ಕಂಡಕ್ಟರ್ ನೋಟನ್ನು ತುದಿಬೆರಳಿನಲ್ಲಿ ಹಿಡಿದು ಚೀಲಕ್ಕೆ ಹಾಕಿ, ಕೂಡಲೇ ಸ್ಯಾನಿಟೈಸರ್ ಬಾಟಲಿಗೆ ಕೈಹಾಕುತ್ತಿದ್ದರು.

ಆದರೆ ಅಂಜಿಕೆ ಒಂದೇ ಕಾರಣವಾಗಿದ್ದರೆ ಅದು ಹೋದಂತೆ ಜನರೂ ಮರಳಬೇಕಿತ್ತು. 2003ರಲ್ಲಿ ತೈವಾನಿನ ತೈಪೇ ನಗರದಲ್ಲಿ ಸಾರ್ಸ್ ಎಂಬ ಉಸಿರಾಟದ ಸೋಂಕು ಹರಡಿದಾಗ ಅಲ್ಲಿನ ಮೆಟ್ರೊ ಪ್ರಯಾಣಿಕರ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿದಿತ್ತು. ಪ್ರಕರಣಗಳು ಕಡಿಮೆಯಾದ ಹಾಗೆ ಜನ ತಿರುಗಿ ಬಂದರು, ಏಕೆಂದರೆ ರೈಲುಗಳು ಓಡುತ್ತಲೇ ಇದ್ದವು. ನಮ್ಮಲ್ಲಿ ನಡೆದದ್ದು ಬೇರೆ. ಮೊದಲು ಸುಮಾರು ಎಂಟು ವಾರ ಬಸ್ಸಿರಲಿಲ್ಲ. ಓಡಾಟ ಸರಿಹೋಗುತ್ತಿದೆ ಎನ್ನುವಷ್ಟರಲ್ಲಿ 2020ರ ಡಿಸೆಂಬರಿನಲ್ಲಿ ಸಾರಿಗೆ ನೌಕರರ ಮುಷ್ಕರ ಬಂತು. 2021ರ ಏಪ್ರಿಲ್ 7ರಿಂದ ಆರನೇ ವೇತನ ಆಯೋಗದ ಬೇಡಿಕೆಯೊಂದಿಗೆ ಮತ್ತೆ ಎರಡು ವಾರ ಮುಷ್ಕರ ನಡೆಯಿತು; ಅದು ನಿಂತು ಒಂದು ವಾರವಾಗುವಷ್ಟರಲ್ಲಿ, ಏಪ್ರಿಲ್ 27ರ ರಾತ್ರಿಯಿಂದ, ಎರಡನೇ ಅಲೆಯ ನಿರ್ಬಂಧ ಶುರುವಾಗಿ ಜೂನ್ ಕಳೆಯುವವರೆಗೂ ಬಸ್ಸನ್ನು ನಂಬುವಂತಿರಲಿಲ್ಲ. ನೌಕರರ ಬೇಡಿಕೆ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಡಬೇಕಾದವರಿಗೆ ಇವೆಲ್ಲ ಸೇರಿ ಕೊಟ್ಟ ಸೂಚನೆ ಒಂದೇ ಆಗಿತ್ತು: ನಿಮ್ಮ ವ್ಯವಸ್ಥೆ ನೀವು ನೋಡಿಕೊಳ್ಳಿ.

ಜನ ನೋಡಿಕೊಂಡರು. ಆಸ್ಪತ್ರೆಯ ನರ್ಸು, ಹೈಕೋರ್ಟ್ ಪೀಠಕ್ಕೆ ಹೋಗುವ ವಕೀಲರ ಗುಮಾಸ್ತ, ದುರ್ಗದಬೈಲಿನ ಅಂಗಡಿಯ ಹುಡುಗ, ಅಮರಗೋಳದ ಎಪಿಎಂಸಿಯಲ್ಲಿ ಲೆಕ್ಕ ಬರೆಯುವವರು, ಹೀಗೆ ರಜೆ ಹಾಕಿ ಮನೆಯಲ್ಲಿ ಕೂರಲಾಗದವರೇ ಮೊದಲು ಕಂತಿನಲ್ಲೋ ಕೈಗಡದಲ್ಲೋ ಗಾಡಿ ಕೊಂಡರು. ಒಮ್ಮೆ ಕೊಂಡ ಮೇಲೆ ಲೆಕ್ಕವೇ ಬೇರೆಯಾಗುತ್ತದೆ. ಬಸ್ಸಿನಲ್ಲಿ ಹೋದರೂ ಕಂತು ಕಟ್ಟುವುದು ತಪ್ಪುವುದಿಲ್ಲ. ಹೀಗಾಗಿ ಟಿಕೆಟ್ಟಿನ ದರಕ್ಕೆ ಎದುರಾಗಿ ಮನಸ್ಸಿಗೆ ಬರುವುದು ಪೆಟ್ರೋಲಿನ ಖರ್ಚು ಮಾತ್ರ. ಅಕ್ಕಪಕ್ಕದ ಇಬ್ಬರು ಒಂದೇ ಗಾಡಿಯಲ್ಲಿ ಹೋದರೆ ಆ ಖರ್ಚೂ ಅರ್ಧ. 2021ರ ಜೂನಿನಲ್ಲಿ ಬೆಂಗಳೂರಿನಲ್ಲಿಯೂ ಪೆಟ್ರೋಲ್ ಲೀಟರಿಗೆ 100 ರೂಪಾಯಿ ದಾಟಿತು. ಆದರೂ ನನಗೆ ಗೊತ್ತಿದ್ದವರಲ್ಲಿ ಗಾಡಿ ಮಾರಿದವರು ಯಾರೂ ಇಲ್ಲ. ಇದಕ್ಕೆ ಇನ್ನೊಂದು ಕಾರಣವೂ ಇದೆ. ಚಿಗರಿ ಓಡುವುದು ಹೆದ್ದಾರಿಯ ನೇರಕ್ಕೆ. ಕೇಶ್ವಾಪುರದಿಂದಲೋ ಮಾಳಮಡ್ಡಿಯಿಂದಲೋ ಆ ರಸ್ತೆಯವರೆಗೆ ತಲುಪಲು ಇನ್ನೊಂದು ಸಿಟಿ ಬಸ್ಸೋ ಆಟೊವೋ ಬೇಕು. ಹುಬ್ಬಳ್ಳಿ–ಧಾರವಾಡದ ನಡುವಿನ ದಾರಿ ಎಷ್ಟೇ ಚೆನ್ನಾಗಿದ್ದರೂ ಮನೆಯಿಂದ ಸ್ಟೇಷನ್ನಿನವರೆಗಿನ ತುಣುಕು ಕೈಕೊಟ್ಟರೆ ಪೂರ್ತಿ ಪ್ರಯಾಣವೇ ಕೈಕೊಟ್ಟಂತೆ.

ಗದಗ, ಅಣ್ಣಿಗೇರಿ, ಹಾವೇರಿಗಳಿಂದ ರೈಲಿನಲ್ಲಿ ಓಡಾಡುತ್ತಿದ್ದವರ ಪಾಡು ಇದಕ್ಕಿಂತ ಕಠಿಣವಾಗಿತ್ತು, ಆದರೆ ಅದನ್ನು ಯಾರೂ ಅಷ್ಟಾಗಿ ಕೇಳುವುದಿಲ್ಲ. ಪ್ಯಾಸೆಂಜರ್ ರೈಲುಗಳು ತಿಂಗಳುಗಟ್ಟಲೆ ನಿಂತವು. ಮರಳಿ ಬಂದಾಗ ಸೊನ್ನೆಯಿಂದ ಶುರುವಾಗುವ ಸಂಖ್ಯೆಯ 'ವಿಶೇಷ' ರೈಲುಗಳಾಗಿ, ಎಕ್ಸ್‌ಪ್ರೆಸ್ ದರದಲ್ಲಿ ಬಂದವು. 10 ರೂಪಾಯಿ ಇದ್ದ ಕನಿಷ್ಠ ದರ 30 ಆಯಿತು, ಮತ್ತು 10ಕ್ಕೆ ಇಳಿದದ್ದು 2024ರ ಫೆಬ್ರುವರಿಯಲ್ಲಿ. ಪಕ್ಕದ ಊರಿಗೆ ಹೋಗುವ ಕೂಲಿಯವರಿಗೆ ಈ ಏರಿಕೆ ಸೋಂಕಿನ ಮಾತಲ್ಲ, ದಿನದ ಗಳಿಕೆಯ ಮಾತು. ಹಿರಿಯ ನಾಗರಿಕರ ರಿಯಾಯಿತಿಯನ್ನು 2020ರ ಮಾರ್ಚ್ 20ರಂದು ನಿಲ್ಲಿಸುವಾಗ ವಯಸ್ಸಾದವರು ಅನವಶ್ಯಕವಾಗಿ ಓಡಾಡಬಾರದು ಎಂಬ ಕಾರಣ ಕೊಡಲಾಗಿತ್ತು. ಆ ಕಾರಣ ಮುಗಿದು ವರ್ಷಗಳು ಉರುಳಿದರೂ ರಿಯಾಯಿತಿ ಬರಲಿಲ್ಲ. ಹಿರಿಯರು ಪ್ರಯಾಣ ಕಡಿಮೆ ಮಾಡಿದ್ದಾರೆ ಎನ್ನುವವರು ಈ ಲೆಕ್ಕವನ್ನೂ ನೋಡಬೇಕು.

ಬಸ್ಸುಗಳು ಖಾಲಿ ಓಡುತ್ತಿವೆ ಎಂದು ಇದರಿಂದ ಯಾರೂ ತಿಳಿಯಬಾರದು. ಕಾಲೇಜುಗಳು ತೆರೆದು, ಸಪ್ತಾಪುರದ ಕೋಚಿಂಗ್ ತರಗತಿಗಳು ತುಂಬಿದ ಕೂಡಲೇ ವಿದ್ಯಾರ್ಥಿಗಳು ಪಾಸು ಹಿಡಿದು ಮರಳಿದರು, ಅವರಿಗೆ ಬೇರೆ ದಾರಿಯಿರಲಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಯಾಗಿ, ಎಸಿ ಹಾಗೂ ಐಷಾರಾಮಿ ಬಸ್ಸುಗಳನ್ನು ಬಿಟ್ಟು ಉಳಿದವುಗಳಲ್ಲಿ ಮಹಿಳೆಯರ ಪ್ರಯಾಣ ಉಚಿತವಾದ ಮೇಲೆ ವಾಯವ್ಯ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ನಿಲ್ಲಲೂ ಜಾಗವಿಲ್ಲ. ಪಕ್ಕದವರ ಮೊಣಕೈ ತಾಗಿದರೆ ಬೆಚ್ಚಿಬೀಳುತ್ತಿದ್ದವರೇ ಈಗ ಒಂದೇ ಸೀಟಿನಲ್ಲಿ ಮೂವರು ಹೊಂದಿಕೊಂಡು ಕೂರುತ್ತಾರೆ. ಅಂಜಿಕೆಯ ಆಯುಷ್ಯ ಎಷ್ಟು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಬಸ್ಸಿಗೆ ಮರಳದೆ ಉಳಿದವರು ಹೆಚ್ಚಾಗಿ ದುಡಿಯುವ ಗಂಡಸರು, ಅಂದರೆ ಪೂರ್ತಿ ಟಿಕೆಟ್ ಕೊಟ್ಟು ದಿನಾ ಓಡಾಡುತ್ತಿದ್ದವರು. ಸಂಸ್ಥೆಯ ಆದಾಯಕ್ಕೆ ಪೆಟ್ಟು ಬೀಳುವುದೂ ಅಲ್ಲಿಯೇ.

ಹಾಗಾದರೆ ಏನು ಮಾಡಬೇಕಿತ್ತು ಎಂದು ಕೆಲವರು ಮುಂದುವರಿಸುತ್ತಾರೆ. 1898ರ ಪ್ಲೇಗಿನಲ್ಲಿ ಹುಬ್ಬಳ್ಳಿ ತತ್ತರಿಸಿದಾಗ ಜಾರಿಯಲ್ಲಿದ್ದ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನೇ 2020ರಲ್ಲಿಯೂ ತೆಗೆದು ಬಳಸಲಾಯಿತು; ಪ್ರಯಾಣಿಕರನ್ನು ತಡೆದು ತಪಾಸಣೆ ಮಾಡುವ ಅಧಿಕಾರ ಅದರಲ್ಲಿದೆ, ಸಾರಿಗೆಯನ್ನು ನಡೆಸುವ ಹೊಣೆ ಇಲ್ಲ. ಮೊದಲ ಕೆಲವು ವಾರ ಎಲ್ಲವನ್ನೂ ನಿಲ್ಲಿಸಿದ್ದನ್ನು ನಾನು ಆಕ್ಷೇಪಿಸುವುದಿಲ್ಲ, ಆಗ ರೋಗದ ಸ್ವರೂಪವೇ ತಿಳಿದಿರಲಿಲ್ಲ. ಆಮೇಲಾದರೂ ಕಿಟಕಿ ತೆರೆಯುವ ಸಾಮಾನ್ಯ ಬಸ್ಸುಗಳನ್ನು ಆಸ್ಪತ್ರೆ, ಮಾರುಕಟ್ಟೆ ಮತ್ತು ಬಡಾವಣೆಗಳ ಮಾರ್ಗದಲ್ಲಿ ಹೆಚ್ಚು ಸಲ ಓಡಿಸಿ, ಬಳಸಲಾಗದ ತಿಂಗಳುಗಳಿಗೆ ಪಾಸಿನ ಅವಧಿಯನ್ನು ವಿಸ್ತರಿಸಿ, ನಾಳೆ ಎಷ್ಟು ಗಂಟೆಗೆ ಯಾವ ಬಸ್ಸು ಬರುತ್ತದೆ ಎಂಬುದನ್ನು ಹಿಂದಿನ ದಿನವೇ ತಿಳಿಸಿದ್ದರೆ, ಕಂತಿನ ಕಾಗದಕ್ಕೆ ಸಹಿ ಹಾಕುವ ಮೊದಲು ಎಷ್ಟೋ ಜನ ಇನ್ನೊಂದು ತಿಂಗಳು ಕಾಯುತ್ತಿದ್ದರು.