"ಇಲ್ಲಿ ನೀವೇ ಇರೋದಾ?"

ಭಾನುವಾರ ಬೆಳಿಗ್ಗೆ ಬಾಡಿಗೆಗಿದ್ದ ಹುಡುಗನ ಫೋನ್. "ಆಂಟಿ, ಸಿಂಕ್ ಕೆಳಗಿನ ಕಪಾಟಿನ ಬಾಗಿಲು ಮುಚ್ತಾನೇ ಇಲ್ಲ. ಒಂದ್ಸಲ ಬಂದು ನೋಡ್ತೀರಾ?"

ಹೋಗಿ ನೋಡಿದರೆ ಬಾಗಿಲಿನದಲ್ಲ ತಪ್ಪು. ಕಪಾಟಿನ ತಳದ ಹಲಗೆ ನೆನೆದ ರಟ್ಟಿನ ಹಾಗೆ ಉಬ್ಬಿತ್ತು. ಹೆಬ್ಬೆರಳಿನಿಂದ ಒತ್ತಿದರೆ ಬೆರಳು ಒಳಗೇ ಹೋಯಿತು. ಗೋಡೆಯೊಳಗಿನ ಪೈಪಿನ ಜಾಯಿಂಟ್ ಎಷ್ಟು ದಿನದಿಂದ ತೊಟ್ಟಿಕ್ಕುತ್ತಿತ್ತೋ ಏನೋ. ಪಕ್ಕದ ರೂಮಿನ ಗೋಡೆಯಲ್ಲೂ ಸೊಂಟದೆತ್ತರಕ್ಕೆ ತೇವ ಏರಿತ್ತು.

ನನಗೆ ಅಷ್ಟೇನೂ ಗಾಬರಿ ಆಗಲಿಲ್ಲ. ವಿಮೆ ಇತ್ತಲ್ವಾ! ವರ್ಷ ತಪ್ಪದೆ ಕಟ್ಟಿದ್ದೆ.

ನಾಲ್ಕನೇ ದಿನ ಹಾಳಾದದ್ದನ್ನು ನೋಡಲು ವಿಮೆ ಕಂಪನಿಯ ಸರ್ವೇಯರ್ ಬಂದರು. ಚಪ್ಪಲಿ ಬಿಟ್ಟು ಒಳಗೆ ಬಂದವರು ಪೈಪ್ ನೋಡುವ ಮೊದಲೇ ಕೇಳಿದ್ದು, "ಇಲ್ಲಿ ನೀವೇ ಇರೋದಾ?"

"ಇಲ್ಲ, ಬಾಡಿಗೆಗೆ ಕೊಟ್ಟು ನಾಲ್ಕು ವರ್ಷ ಆಯ್ತು."

ಅವರು ಏನೂ ಅನ್ನಲಿಲ್ಲ. ಏನೋ ಬರೆದುಕೊಂಡರು. ಆ ಬರೆಯುವ ರೀತಿಯಲ್ಲೇ ನನಗೆ ಅರ್ಧ ಗೊತ್ತಾಯಿತು.

ಮನೆ ಕೊಂಡಾಗ ತುಂಬಿದ ಫಾರಂನಲ್ಲಿ "ಸ್ವಂತ ವಾಸ" ಅನ್ನುವ ಕಡೆ ಟಿಕ್ ಹಾಕಿದ್ದೆ. ಆಗ ಅದು ನಿಜವೇ. ಆಮೇಲೆ ನಾವು ಬೇರೆ ಕಡೆ ಹೋದೆವು, ಬಾಡಿಗೆಯವರು ಬಂದರು. ಪಾಲಿಸಿ ಮಾತ್ರ ಪ್ರತಿ ವರ್ಷ ಮೊಬೈಲಿನಲ್ಲಿ ಎರಡು ನಿಮಿಷದಲ್ಲಿ ರಿನ್ಯೂ ಆಗುತ್ತಲೇ ಹೋಯಿತು. ಕಂಪನಿಯ ಲೆಕ್ಕದಲ್ಲಿ ಆ ಮನೆಯಲ್ಲಿ ಇನ್ನೂ ನಾನೇ ಇದ್ದೆ. ಕ್ಲೇಮಿನ ದುಡ್ಡು ಕಂಪನಿ ಕೊಡಲಿಲ್ಲ. ಎರಡು ದಿನ ಬೈದುಕೊಂಡೆ. ಮೂರನೇ ದಿನ ಕನ್ನಡಕ ಹಾಕಿ ಪಾಲಿಸಿ ಓದಿದೆ. ಮನೆಯ ಬಳಕೆ ಬದಲಾದರೆ ತಿಳಿಸಬೇಕು ಅಂತ ಸ್ಪಷ್ಟವಾಗಿಯೇ ಇತ್ತು. ಇನ್ನೂ ಒಂದು ಸಾಲು ಇತ್ತು: ಪೈಪ್ ಇದ್ದಕ್ಕಿದ್ದಂತೆ ಒಡೆದರೆ ಸರಿ, ನಿಧಾನಕ್ಕೆ ಸೋರಿ ಆದ ಹಾಳಿಗೆ ಇಲ್ಲ. ಅಂದರೆ ಟಿಕ್ ಸರಿ ಇದ್ದಿದ್ದರೂ ಆ ಹಲಗೆಗೆ ದುಡ್ಡು ಬರುತ್ತಿದ್ದದ್ದು ಅನುಮಾನವೇ.

ಹಾಗಾಗಿ ಹೊಸದಾಗಿ ಹುಡುಕಲು ಕೂತೆ. ಬಾಡಿಗೆ ಮನೆಯ ಓನರ್‌ಗೆ ಅಂತಲೇ ಬೇರೆ ಪಾಲಿಸಿ ಇರುತ್ತದೆ ಅನ್ನುವುದೇ ನನಗೆ ಹೊಸದು. ಹೋಲಿಕೆ ಮಾಡುವ ವೆಬ್‌ಸೈಟುಗಳು ಪ್ರೀಮಿಯಂ ಕಮ್ಮಿ ಇರುವುದನ್ನು ಮೇಲೆ ಇಡುತ್ತವೆ. ನನಗೆ ಬೇಕಾದದ್ದೆಲ್ಲ ಒಳಗಿನ ಪುಟಗಳಲ್ಲಿತ್ತು. ಕೊನೆಗೆ ಫೋನ್ ಹಿಡಿದೆ.

ಮೊದಲ ಕಂಪನಿಯಲ್ಲೇ ಎಡವಿದೆ. ಎಷ್ಟು ಮೊತ್ತಕ್ಕೆ ವಿಮೆ ಅಂದಾಗ ಮನೆ ಮಾರಿದರೆ ಎಷ್ಟು ಬರುತ್ತದೋ ಅದನ್ನೇ ಹೇಳಿದೆ. ಆ ಕಡೆಯ ಹುಡುಗಿ ತಾಳ್ಮೆಯಿಂದ, "ಮೇಡಂ, ಸೈಟು ಸುಟ್ಟು ಹೋಗಲ್ಲ" ಅಂದಳು. ಹೇಳಬೇಕಾದ್ದು ಮನೆ ಮತ್ತೆ ಕಟ್ಟಲು ಎಷ್ಟಾಗುತ್ತದೆ ಅನ್ನುವುದು. ಅದರಲ್ಲಿ ಮುರಿದ ಅವಶೇಷ ಸಾಗಿಸುವ ಖರ್ಚು, ಎಂಜಿನಿಯರ್ ಫೀಸು ಕೂಡ ಸೇರಬೇಕು. ಹಾಗಂತ ಪ್ರೀಮಿಯಂ ಉಳಿಸಲು ಮೊತ್ತ ಇಳಿಸಿದರೂ ಕಷ್ಟ. 100 ಬೇಕಾದ ಕಡೆ 60ಕ್ಕೆ ಮಾಡಿಸಿದ್ದರೆ, ಬರೀ ಅಡುಗೆಮನೆ ಸುಟ್ಟರೂ ಅದರ ಖರ್ಚಿನಲ್ಲಿ 60 ಭಾಗವಷ್ಟೇ ಕೊಡುವ ಷರತ್ತು ಎಷ್ಟೋ ಪಾಲಿಸಿಗಳಲ್ಲಿ ಇರುತ್ತದೆ. ಇದನ್ನು ನಾನು ಎರಡು ಸಲ ಕೇಳಿ ಬರೆದುಕೊಂಡೆ.

ಬಾಡಿಗೆ ನಷ್ಟದ ವಿಷಯದಲ್ಲೂ ಸುಮ್ನೆ ಖುಷಿಪಟ್ಟಿದ್ದೆ. ಬೆಂಕಿ, ನೀರಿನಂಥದ್ದರಿಂದ ಮನೆ ವಾಸಕ್ಕೆ ಆಗದೇ ಹೋದರೆ ಆ ತಿಂಗಳುಗಳ ಬಾಡಿಗೆ ಕೊಡುತ್ತಾರೆ. ಬಾಡಿಗೆಯವರು ದುಡ್ಡು ಕೊಡದೆ ಸತಾಯಿಸಿದರೆ ಅದು ಈ ವಿಮೆಯವರ ತಲೆನೋವಲ್ಲ, ಅದಕ್ಕೆ ಬೇರೆ ವಿಮೆ. ಬಾಡಿಗೆಯವರೇ ಬೇಕಂತ ಹಾಳು ಮಾಡಿದರೆ? ಎರಡು ಕಂಪನಿಯವರು "ಇಲ್ಲ" ಅಂದರು, ಒಂದು ಕಂಪನಿಯವರು "ಜಾಸ್ತಿ ಕಟ್ಟಿದರೆ ಉಂಟು" ಅಂದರು. ಹಂಚು ಬಿದ್ದು ಯಾರಿಗಾದರೂ ಪೆಟ್ಟಾದರೆ ಓನರ್ ಮೇಲೆ ಬರುವ ಹೊಣೆಗೆ ಕವರ್ ಇರಲಿ ಅಂತ ನಾನೇ ಕೇಳಿ ಹಾಕಿಸಿಕೊಂಡೆ.

ಬಾಡಿಗೆಯವರ ಸಾಮಾನು ನನ್ನ ವಿಮೆಯಲ್ಲಿ ಬರುವುದಿಲ್ಲ. ಆ ಹುಡುಗನಿಗೆ ಹೇಳಿದೆ, ನೀನೇ ಬೇರೆ ಮಾಡಿಸಿಕೋ ಅಂತ. "ನಮ್ಮ ಹತ್ರ ಇರೋದೇ ಎರಡು ಲ್ಯಾಪ್‌ಟಾಪ್, ಒಂದು ಹಾಸಿಗೆ, ಆಂಟಿ" ಅಂತ ನಕ್ಕ. ಲ್ಯಾಪ್‌ಟಾಪ್ ಎರಡೂ ಅಡುಗೆಮನೆಯ ಕಟ್ಟೆ ಮೇಲಿದ್ದವು.

ವಿಮೆ ಅಂದರೆ ನಮ್ಮ ತಲೆಗೆ ಮೊದಲು ಬರುವುದು ಬೆಂಕಿ. 1666ರಲ್ಲಿ ಲಂಡನ್ನಿನಲ್ಲಿ 13,000ಕ್ಕೂ ಹೆಚ್ಚು ಮನೆ ಸುಟ್ಟ ಮೇಲೆಯೇ ಅಲ್ಲಿ ಮನೆ ವಿಮೆಯ ವ್ಯಾಪಾರ ಕುದುರಿದ್ದು. ನನಗೆ ಈಗ ಹೆದರಿಕೆ ನೀರಿನದು, ಅದಕ್ಕಿಂತ ಜಾಸ್ತಿ ಖಾಲಿ ಮನೆಯದು. ಮನೆ ಒಂದೇ ಸಮನೆ 30 ದಿನ ಖಾಲಿ ಬಿದ್ದಿದ್ದರೆ ನೀರು, ಕಳ್ಳತನದ ಕವರ್ ನಿಲ್ಲುವ ಪಾಲಿಸಿಗಳು ಬಹಳ. ಕೆಲವಲ್ಲಿ 60 ದಿನ. ನಾನು ತೆಗೆದುಕೊಂಡದ್ದರಲ್ಲಿ 30. ಪ್ರೀಮಿಯಂನಲ್ಲಿ ಇದು ಎರಡನೇ ದುಬಾರಿಯದು. ಆದರೆ ನನ್ನ ಎಲ್ಲ ಪ್ರಶ್ನೆಗೂ ಇಮೇಲಿನಲ್ಲಿ ಬರೆದು ಉತ್ತರ ಕೊಟ್ಟವರು ಇವರೊಬ್ಬರೇ.

ಈ ತಿಂಗಳ ಕೊನೆಗೆ ಆ ಹುಡುಗ, ಅವನ ಹೆಂಡತಿ ಖಾಲಿ ಮಾಡುತ್ತಿದ್ದಾರೆ. ಹೊಸಬರು ಬರುವುದು 35 ದಿನ ಬಿಟ್ಟು. ಈ ಸಲ ಮೊದಲೇ ಕಂಪನಿಗೆ ಹೇಳಿದೆ. ಮೇನ್ ವಾಲ್ವ್ ಬಂದ್ ಮಾಡಿ, ವಾರಕ್ಕೊಮ್ಮೆ ಹೋಗಿ ನೋಡಿ, ನೋಡಿದ ದಿನ ಬರೆದಿಡಿ, ಕವರ್ ಮುಂದುವರಿಸುತ್ತೇವೆ ಅಂದರು. ಕೀ ಗೊಂಚಲಿನ ಜೊತೆಗೇ ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಆ ವಾಲ್ವ್ ಮಾತ್ರ ತುಕ್ಕು ಹಿಡಿದು ತಿರುಗುತ್ತಿಲ್ಲ. ನಾಳೆ ಪ್ಲಂಬರ್ ಬರುತ್ತಾನೆ.