ಟ್ರ್ಯಾಕ್ಟರ್ ತಗೊಳ್ಳೋ ಮುಂಚೆ ಡೀಲರ್ ನೋಡ್ರಿ

ನಮ್ದು ಹಾವೇರಿ ಕಡೆ ಎರಿ ಹೊಲ, ಮಳಿ ಬಿದ್ದು ಹದ ಬಂತಂದ್ರ ನಾಕೇ ದಿನದಾಗ ಬಿತ್ತಬೇಕು, ಹೋದ ವರ್ಷ ಅದೇ ಟೈಮಿಗೆ ಹಳೇ ಟ್ರ್ಯಾಕ್ಟರಿನ ಹೈಡ್ರಾಲಿಕ್ ಪಂಪ್ ಕೆಟ್ಟು, ಬಿಡಿಭಾಗ ಸಿಗದ ಹನ್ನೊಂದು ದಿನ ಕಾದ್ವಿ, ಡೀಲರ್ ಫೋನೂ ಎತ್ತಲಿಲ್ಲ. ಭಾಳ ಸಂಕಟ ಆತು.

ಅದಕ್ಕ ಈ ಸಲ ಮಹೀಂದ್ರಾ, ಸ್ವರಾಜ್, ಜಾನ್ ಡಿಯರ್ ಮೂರೂ ಓಡಿಸಿ ನೋಡಿದ್ರೂ ಮೊದಲು ಕೇಳಿದ್ದು, ಪಾರ್ಟ್ಸ್ ಸ್ಟಾಕ್ ಐತೇನು, ಮೆಕ್ಯಾನಿಕ್ ಹೊಲಕ್ಕ ಬರ್ತಾನೇನು ಅಂತ. ಇಂಜಿನ್ ಎಚ್‌ಪಿ ಒಂದೇ ನೋಡಬ್ಯಾಡ್ರಿ, ಪಿಟಿಓ (ಟ್ರ್ಯಾಕ್ಟರ್ ಹಿಂದ ಉಪಕರಣ ತಿರುಗಿಸೋ ಶಾಫ್ಟ್) ಎಚ್‌ಪಿ ಕೇಳ್ರಿ, ಮಣ್ಣು ಪುಡಿ ಮಾಡೋ ರೋಟಾವೇಟರ್ ತಿರುಗಿಸೋದು ಅದೇ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದೈತಿ, ಕೊಟೇಶನ್‌ನಾಗ ಅದನ್ನೂ ನೋಡ್ಕೊಳ್ರಿ.

ಕಡೀಗೆ ನಾವು ಸ್ವರಾಜ್ ಬುಕ್ ಮಾಡಿದ್ವಿ, ಅವರ ವರ್ಕ್‌ಶಾಪ್ ನಮ್ಮೂರಿಂದ ಎಂಟೇ ಕಿಲೋಮೀಟರ್.